ಮೇಷ್ಟ್ರು ಬಂದರೆ ಶಾಲೆ: ಹಾಜರಿ ಸುಧಾರಿಸಲು ಮುಖ್ಯ ಶಿಕ್ಷಕರಿಗೆ ಹನ್ನೊಂದು ಸೂತ್ರಗಳು

ಮೂವರು ಶಿಕ್ಷಕರಿರುವ ಹಳ್ಳಿ ಶಾಲೆಯಲ್ಲಿ ಒಬ್ಬರು ರಜೆ ಹಾಕಿ, ಇನ್ನೊಬ್ಬರು ತರಬೇತಿಗೆ ಹೋದರೆ ಏನಾಗುತ್ತದೆ ಎಂಬುದನ್ನು ನಂಜನಗೂಡು ತಾಲ್ಲೂಕಿನ ಬದನವಾಳು ಸುತ್ತಿನ ಯಾವ ಹೆಡ್‌ಮೇಷ್ಟರಿಗೂ ಹೇಳಿಕೊಡಬೇಕಾಗಿಲ್ಲ. ಒಂದರಿಂದ ಐದನೆಯವರೆಗಿನ ಮಕ್ಕಳೆಲ್ಲ ಒಂದೇ ಕೋಣೆಗೆ ಬಂದು ಕೂರುತ್ತಾರೆ. ಉಳಿದ ಒಬ್ಬರು ಬಿಸಿಯೂಟದ ಲೆಕ್ಕ ನೋಡುತ್ತ, ಬಿ.ಇ.ಒ. ಕಚೇರಿಯಿಂದ ಬಂದ ಫೋನಿಗೆ ಉತ್ತರ ಕೊಡುತ್ತ, ಮಕ್ಕಳಿಗೆ ಕಾಪಿ ಬರೆಯಲು ಹೇಳುತ್ತಾರೆ. ಸಂಜೆ ಹಾಜರಾತಿ ಪುಸ್ತಕ ತೆರೆದರೆ ಎಲ್ಲವೂ ಸರಿಯಾಗಿದೆ: ಒಬ್ಬರದು ಸಿ.ಎಲ್., ಒಬ್ಬರದು ಒಒಡಿ (ಅನ್ಯ ಕರ್ತವ್ಯ), ಒಬ್ಬರದು ಸಹಿ. ನಿಯಮಕ್ಕೆ ಎಳ್ಳಷ್ಟೂ ಕುಂದು ಬಂದಿಲ್ಲ. ಪಾಠ ಮಾತ್ರ ಆಗಿಲ್ಲ.

ನಂಜನಗೂಡು, ತಿ. ನರಸೀಪುರ ಸೀಮೆಯ ಇಂಥ ಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಸೂತ್ರಗಳನ್ನು ಬರೆಯುತ್ತಿದ್ದೇನೆ. ಶಿಕ್ಷಕರ ಗೈರಿನಲ್ಲಿ ಹೆಚ್ಚಿನ ಪಾಲು ಮೊದಲೇ ಗೊತ್ತಿರುವಂಥದ್ದು. ಗೊತ್ತಿರುವುದಕ್ಕೆ ಏರ್ಪಾಟು ಮಾಡಿಕೊಳ್ಳಬಹುದು. ಏರ್ಪಾಟು ಗಟ್ಟಿಯಾದ ಮೇಲೆ ಕಾರಣವಿಲ್ಲದ ಗೈರು ತಾನಾಗಿ ಎದ್ದು ಕಾಣುತ್ತದೆ, ತಡೆಯಲೂ ಸುಲಭವಾಗುತ್ತದೆ.

1. ನಡೆದ ಪಿರಿಯಡ್‌ಗಳನ್ನು ಎಣಿಸಿ

ಹಾಜರಾತಿ ಪುಸ್ತಕ ಸಂಬಳಕ್ಕೆ ಬೇಕಾದ ದಾಖಲೆ. ಮಕ್ಕಳಿಗೆ ಬೇಕಾದ ದಾಖಲೆ ಬೇರೆಯೇ ಇದೆ. 2003ರಲ್ಲಿ ಮೈಕೆಲ್ ಕ್ರೆಮರ್, ಕಾರ್ತಿಕ್ ಮುರಳೀಧರನ್ ಮೊದಲಾದ ಸಂಶೋಧಕರು ದೇಶದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಮುನ್ಸೂಚನೆಯಿಲ್ಲದೆ ಜನರನ್ನು ಕಳಿಸಿ ನೋಡಿದಾಗ ನಾಲ್ವರಲ್ಲಿ ಒಬ್ಬ ಶಿಕ್ಷಕರು ಶಾಲೆಯಲ್ಲಿರಲಿಲ್ಲ. ಆ ಅಂಕಿ ಸಾಕಷ್ಟು ಸುದ್ದಿಯಾಯಿತು. ಅದೇ ಅಧ್ಯಯನದ ಇನ್ನೊಂದು ಅಂಕಿ ಅಷ್ಟು ಸುದ್ದಿಯಾಗಲಿಲ್ಲ: ಆ ಹೊತ್ತಿನಲ್ಲಿ ನಿಜವಾಗಿ ಪಾಠ ಮಾಡುತ್ತಿದ್ದವರು ಸರಿಸುಮಾರು ಅರ್ಧದಷ್ಟು ಮಂದಿ ಮಾತ್ರ. ಅಂದರೆ ಶಾಲೆಗೆ ಬಂದೂ ತರಗತಿಯಲ್ಲಿ ಇಲ್ಲದವರ ಪಾಲು ಬರದೇ ಉಳಿದವರ ಪಾಲಿಗಿಂತ ಕಡಿಮೆಯೇನಲ್ಲ.

ಒಂದು ನೂರು ಪುಟದ ನೋಟ್‌ಬುಕ್ ಸಾಕು. ಪ್ರತಿ ತರಗತಿಗೆ ಒಂದು ಸಾಲು, ಪ್ರತಿ ಪಿರಿಯಡ್‌ಗೆ ಒಂದು ಮನೆ. ಪಾಠ ಆದರೆ ಗೀಟು, ಆಗದಿದ್ದರೆ ಸೊನ್ನೆ. ದೊಡ್ಡ ತರಗತಿಯ ಇಬ್ಬರು ಮಕ್ಕಳು ಇದನ್ನು ಅಚ್ಚುಕಟ್ಟಾಗಿ ತುಂಬಬಲ್ಲರು. ತಿಂಗಳ ಕೊನೆಗೆ ಸೊನ್ನೆಗಳನ್ನು ಕೂಡಿಸಿ ಸಿಬ್ಬಂದಿ ಸಭೆಯಲ್ಲಿ ಓದಿ. ಯಾರ ಹೆಸರನ್ನೂ ಎತ್ತಬೇಡಿ. ಐದನೆಯ ತರಗತಿಗೆ ಈ ತಿಂಗಳು ಇಷ್ಟು ಗಣಿತದ ಪಿರಿಯಡ್ ತಪ್ಪಿತು ಎಂದಷ್ಟೇ ಹೇಳಿ. ಆ ಮಾತು ತಾಗಬೇಕಾದವರಿಗೆ ತಾಗುತ್ತದೆ.

2. ಗೈರನ್ನು ನಾಲ್ಕಾಗಿ ಬಿಡಿಸಿ ಬರೆಯಿರಿ

ರಜೆ, ಸರ್ಕಾರಿ ಕೆಲಸ, ತಡ, ಕಾರಣ ತಿಳಿಸದ ಗೈರು. ಈ ನಾಲ್ಕನ್ನೂ ಒಂದೇ ರಾಶಿಗೆ ಸುರಿದು 'ಮೇಷ್ಟ್ರುಗಳು ಶಾಲೆಗೇ ಬರಲ್ಲ' ಎನ್ನುವುದು ಊರ ಜಗಲಿಯ ಮಾತು. ಅಜೀಂ ಪ್ರೇಮ್‌ಜಿ ಫೌಂಡೇಷನ್ 2017ರಲ್ಲಿ ಪ್ರಕಟಿಸಿದ ಅಧ್ಯಯನ ಆರು ರಾಜ್ಯಗಳ 619 ಶಾಲೆಗಳನ್ನು ನೋಡಿತು. ಶಾಲೆಯಲ್ಲಿ ಇಲ್ಲದಿದ್ದ ಶಿಕ್ಷಕರು ಶೇ 18ಕ್ಕಿಂತ ಹೆಚ್ಚಿದ್ದರು. ಆದರೆ ಕಾರಣವಿಲ್ಲದೆ ತಪ್ಪಿಸಿಕೊಂಡವರು ಶೇ 2.5 ಮಾತ್ರ, ಉಳಿದವರು ಮಂಜೂರಾದ ರಜೆಯಲ್ಲಿದ್ದರು, ಇಲ್ಲವೇ ಇಲಾಖೆ ಕಳಿಸಿದ ಕೆಲಸದಲ್ಲಿದ್ದರು.

ಮಗುವಿನ ಪಾಲಿಗೆ ನಾಲ್ಕೂ ಒಂದೇ ಎಂಬುದು ನಿಜ. ಮದ್ದು ಮಾತ್ರ ನಾಲ್ಕಕ್ಕೂ ಬೇರೆ. ರಜೆಗೆ ಮುಂಗಡ ಯೋಜನೆ ಬೇಕು, ಸರ್ಕಾರಿ ಕೆಲಸಕ್ಕೆ ಮೇಲಿನವರೊಡನೆ ಮಾತು ಬೇಕು, ತಡಕ್ಕೆ ಬಸ್ಸಿನ ವೇಳೆ ಗೊತ್ತಿರಬೇಕು, ಕಾರಣವಿಲ್ಲದ ಗೈರಿಗೆ ಮಾತ್ರ ಶಿಸ್ತು ಕ್ರಮ ಬೇಕು. ನಾಲ್ಕನೆಯದಕ್ಕೆ ಕೊಡಬೇಕಾದ ಮದ್ದನ್ನು ನಾಲ್ಕಕ್ಕೂ ಕೊಟ್ಟರೆ ಪ್ರಾಮಾಣಿಕರೇ ಮೊದಲು ಮುನಿಸಿಕೊಳ್ಳುತ್ತಾರೆ.

3. ಮೊದಲು ನೀವು ಬನ್ನಿ

ಮೇಲೆ ಹೇಳಿದ 2003ರ ಅಧ್ಯಯನದಲ್ಲಿ ಮುಖ್ಯ ಶಿಕ್ಷಕರ ಗೈರು ಸಹ ಶಿಕ್ಷಕರದ್ದಕ್ಕಿಂತ ಹೆಚ್ಚಿತ್ತು. ಸಭೆ, ಬ್ಯಾಂಕು, ಬಿಲ್ಲು ಎಂದು ಕಾರಣಗಳು ಇರುತ್ತವೆ, ಒಪ್ಪೋಣ. ಆದರೂ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ನೀವು ಅಂಗಳದಲ್ಲಿ ನಿಂತಿದ್ದರೆ ಅರ್ಧ ಕೆಲಸ ಮುಗಿದಂತೆ. ಹೊರಗಿನ ಕೆಲಸಗಳನ್ನು ವಾರದ ಒಂದೇ ಮಧ್ಯಾಹ್ನಕ್ಕೆ ಒಟ್ಟುಮಾಡಿಕೊಳ್ಳಿ, ಹೊರಡುವ ಮುನ್ನ ಚಲನವಲನ ವಹಿಯಲ್ಲಿ ಎಲ್ಲರಿಗಿಂತ ಮೊದಲು ನೀವೇ ಬರೆಯಿರಿ.

4. ವರ್ಷದ ರಜೆಯನ್ನು ಜೂನ್‌ನಲ್ಲೇ ಮಾತಾಡಿ

ಈ ಸೀಮೆಯ ಪಂಚಾಂಗ ಎಲ್ಲರಿಗೂ ಬಾಯಿಪಾಠ. ಜನವರಿ-ಫೆಬ್ರುವರಿ ಹೊತ್ತಿಗೆ ಸುತ್ತೂರು ಜಾತ್ರೆ. ಮಾಘದಲ್ಲಿ ಮುಡುಕುತೊರೆ ಮಲ್ಲಿಕಾರ್ಜುನನ ತೇರು. ಫಾಲ್ಗುಣದಲ್ಲಿ ನಂಜುಂಡೇಶ್ವರನ ದೊಡ್ಡ ಜಾತ್ರೆ, ಪಂಚ ಮಹಾರಥೋತ್ಸವ. ಜೊತೆಗೆ ಮದುವೆ ಮುಹೂರ್ತಗಳು, ಮೈಸೂರಿನ ದಸರಾ. ಈ ದಿನಗಳಲ್ಲಿ ಯಾರ ಮನೆಗೆ ನೆಂಟರು ಬರುತ್ತಾರೆ, ಯಾರು ಹರಕೆ ತೀರಿಸಬೇಕು ಎಂಬುದು ಹಿಂದಿನ ದಿನ ಗೊತ್ತಾಗುವ ಸಂಗತಿಯಲ್ಲ. ಹೀಗಿದ್ದೂ ಸಿ.ಎಲ್. ಅರ್ಜಿ ಬರುವುದು ಬೆಳಿಗ್ಗೆ ಎಂಟೂವರೆಗೆ, ವಾಟ್ಸ್‌ಆ್ಯಪ್‌ನಲ್ಲಿ.

ಶಾಲೆ ಶುರುವಾದ ಮೊದಲ ವಾರದಲ್ಲೇ ಗೋಡೆಗೊಂದು ಹನ್ನೆರಡು ತಿಂಗಳ ಪಟ್ಟಿ ಹಾಕಿ. ಪ್ರತಿಯೊಬ್ಬರೂ ಖಚಿತವಾಗಿ ಬೇಕಾಗುವ ರಜೆಯನ್ನು ಪೆನ್ಸಿಲಿನಲ್ಲಿ ಗುರುತಿಸಲಿ. ಒಂದು ದಿನಕ್ಕೆ ಒಬ್ಬರೇ ಎಂಬ ಕಟ್ಟು ಇರಲಿ. ಇಬ್ಬರಿಗೂ ಅದೇ ದಿನ ಬೇಕಾದರೆ ಅವರವರೇ ಮಾತಾಡಿ ತೀರ್ಮಾನಿಸಲಿ, ನೀವು ನ್ಯಾಯ ಹೇಳಲು ಹೋಗಬೇಡಿ. ಮುಂಚಿತವಾಗಿ ಗುರುತಿಸಿದ ರಜೆಯನ್ನು ಮಾತ್ರ ಯಾವ ಕಾರಣಕ್ಕೂ ನಿರಾಕರಿಸಬೇಡಿ. 'ಮೊದಲೇ ಹೇಳಿದರೆ ಸಾಹೇಬರು ಬೇಡ ಅಂತಾರೆ' ಎಂಬ ಭಯ ಹುಟ್ಟಿದ ಕಡೆ ಎಲ್ಲರಿಗೂ ಬೆಳಿಗ್ಗೆ ಎಂಟೂವರೆಗೇ ಜ್ವರ ಬರುತ್ತದೆ.

ಹೆರಿಗೆ ರಜೆಯ 180 ದಿನಗಳ ವಿಷಯವಂತೂ ತಿಂಗಳುಗಟ್ಟಲೆ ಮುಂಚೆ ಗೊತ್ತಿರುತ್ತದೆ. ಆ ಅವಧಿಗೆ ಅತಿಥಿ ಶಿಕ್ಷಕರನ್ನೋ ನಿಯೋಜನೆಯನ್ನೋ ಕೇಳುವ ಪತ್ರ ರಜೆಯ ಅರ್ಜಿ ಬರುವ ಮೊದಲೇ ತಯಾರಿರಬೇಕು. ತಾಯಿಯಾಗುವ ಶಿಕ್ಷಕಿಯ ಮುಖದಲ್ಲಿ ತಪ್ಪು ಮಾಡಿದ ಭಾವ ಬರುವಂತೆ ಯಾವ ಹೆಡ್‌ಮೇಷ್ಟರೂ ನಡೆದುಕೊಳ್ಳಬಾರದು.

5. ದಾರಿಯನ್ನು ಓದಿಕೊಳ್ಳಿ

ಶಿಕ್ಷಕರು ಕೇಂದ್ರಸ್ಥಾನದಲ್ಲೇ ಇರಬೇಕೆಂಬ ಮಾತು ಹಳೆಯದು. ಮಕ್ಕಳ ಓದು, ಗಂಡನೋ ಹೆಂಡತಿಯೋ ಮಾಡುವ ಕೆಲಸ, ವಯಸ್ಸಾದ ತಂದೆ-ತಾಯಿ ಎಂದು ಬಹಳಷ್ಟು ಶಿಕ್ಷಕರು ಮೈಸೂರಿನಲ್ಲೋ ನಂಜನಗೂಡು ಪಟ್ಟಣದಲ್ಲೋ ಮನೆ ಮಾಡಿಕೊಂಡಿದ್ದಾರೆ. ಇದನ್ನು ಬಯ್ದು ಬದಲಿಸಲಾಗದು. ಆದ್ದರಿಂದ ಯಾರು ಎಲ್ಲಿಂದ, ಯಾವ ಬಸ್ಸಿಗೆ, ಯಾವ ರೈಲಿಗೆ ಬರುತ್ತಾರೆ, ಆ ಬಸ್ಸು ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೆ, ಇಳಿದ ಮೇಲೆ ಎಷ್ಟು ನಡೆಯಬೇಕು ಎಂಬ ಒಂದು ಹಾಳೆ ನಿಮ್ಮ ಮೇಜಿನ ಗಾಜಿನಡಿ ಇರಲಿ.

2023ರ ಜೂನ್ 11ರಂದು ಮಹಿಳೆಯರ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲೆ ಬೆಳಗಿನ ಬಸ್ಸುಗಳಲ್ಲಿ ಕಾಲಿಡಲು ಜಾಗ ಸಿಗುವುದೇ ಕಷ್ಟ. ಶಿಕ್ಷಕಿಯರಿಗೆ ಅದರಿಂದ ಟಿಕೆಟ್ ಹಣ ಉಳಿದಿದೆ, ಒಳ್ಳೆಯದೇ. ಆದರೆ ತುಂಬಿದ ಬಸ್ಸು ನಿಲ್ಲಿಸದೆ ಹೋದ ದಿನ ಮೊದಲ ಪಿರಿಯಡ್ ಹೋಯಿತೆಂದೇ ಲೆಕ್ಕ. ಹಾಗಾಗಿ ವೇಳಾಪಟ್ಟಿ ಹಾಕುವಾಗ ಮೊದಲ ಪಿರಿಯಡ್ ಊರಿನಲ್ಲೋ ಹತ್ತಿರದಲ್ಲೋ ಇರುವವರಿಗೆ ಕೊಡಿ; ದೂರದಿಂದ ಬರುವವರಿಗೆ ಕೊನೆಯ ಪಿರಿಯಡ್‌ನ ಹೊಣೆ ಕೊಡಿ. ಇಬ್ಬರು ಮೂವರು ಒಂದೇ ದಿಕ್ಕಿನಿಂದ ಬರುವವರಿದ್ದರೆ ಸೇರಿ ಒಂದು ವಾಹನ ಮಾಡಿಕೊಳ್ಳಲಿ, ಆದರೆ ಆ ವಾಹನ ಕೆಟ್ಟರೆ ಮೂವರೂ ಗೈರಾಗುತ್ತಾರೆ ಎಂಬುದು ನೆನಪಿರಲಿ. ಶನಿವಾರದ ಬೆಳಗಿನ ಶಾಲೆಗೆ ಬೇರೆಯೇ ಲೆಕ್ಕ ಬೇಕು: ಅಷ್ಟು ಮುಂಚೆ ಹೊರಡುವ ಬಸ್ಸು ಯಾವುದು ಎಂದು ಶುಕ್ರವಾರ ಸಂಜೆಯೇ ಕೇಳಿ.

ಇನ್ನು ಕಪಿಲೆ, ಅಂದರೆ ಕಬಿನಿ ನದಿ. ಕಬಿನಿ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಮಲ್ಲನಮೂಲೆ ಮಠದ ಬಳಿ ಮೈಸೂರು-ನಂಜನಗೂಡು ರಸ್ತೆಯ ಮೇಲೆ ನೀರು ಬರುತ್ತದೆ. 2018ರಲ್ಲೂ 2019ರಲ್ಲೂ ಸಂಚಾರ ನಿಂತಿತ್ತು. ಅಂಥ ದಿನ ಆ ದಾರಿಯ ಶಿಕ್ಷಕರೆಲ್ಲ ಒಟ್ಟಿಗೇ ತಡವಾಗುತ್ತಾರೆ. ಜುಲೈ-ಆಗಸ್ಟಿನಲ್ಲಿ ಜಲಾಶಯ ತುಂಬಿದ ಸುದ್ದಿ ಪತ್ರಿಕೆಯಲ್ಲಿ ಬಂದ ದಿನವೇ ಮರುದಿನ ಶಾಲೆ ತೆರೆಯುವವರು ಯಾರು ಎಂದು ಗೊತ್ತುಮಾಡಿಕೊಳ್ಳಿ.

6. ಬದಲಿ ಪೆಟ್ಟಿಗೆ ಇಡಿ

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದೇ. ಶಿಕ್ಷಕರು ಬಾರದ ದಿನವೂ ತರಗತಿ ನಡೆಯಬೇಕು, ಸುಮ್ಮನೆ ಕೂರಬಾರದು.

ತಗಡಿನದೋ ರಟ್ಟಿನದೋ ಒಂದು ಪೆಟ್ಟಿಗೆ. ಅದರೊಳಗೆ ಪ್ರತಿ ತರಗತಿಗೆ ಒಂದು ಲಕೋಟೆ. ಲಕೋಟೆಯಲ್ಲಿ ಐದು ದಿನಕ್ಕಾಗುವಷ್ಟು ಕೆಲಸ: ಓದಲು ಎರಡು ಪುಟದ ಕಥೆ ಮತ್ತು ಅದರ ಮೇಲೆ ನಾಲ್ಕು ಪ್ರಶ್ನೆ, ಹತ್ತು ಲೆಕ್ಕ, ಬಿಡಿಸಲು ಒಂದು ನಕ್ಷೆ, ಉಕ್ತಲೇಖನಕ್ಕೆ ಒಂದು ಪಟ್ಟಿ. ಮೇಲೊಂದು ಚೀಟಿ: 'ಇದನ್ನು ಯಾರು ಬೇಕಾದರೂ ಮಾಡಿಸಬಹುದು.' ತಯಾರು ಮಾಡುವವರು ಆಯಾ ತರಗತಿಯ ಶಿಕ್ಷಕರೇ. ರಜೆ ಮುಗಿಸಿ ಬಂದ ದಿನ ಖರ್ಚಾದದ್ದನ್ನು ಮತ್ತೆ ತುಂಬಿಡುವುದೂ ಅವರೇ. ಬದಲಿಗೆ ಹೋದವರು 'ಎಲ್ಲಿಯವರೆಗೆ ಆಗಿದೆ' ಎಂದು ಮಕ್ಕಳನ್ನು ಕೇಳುತ್ತ ಹತ್ತು ನಿಮಿಷ ಕಳೆಯುವ ಪಾಡು ತಪ್ಪುತ್ತದೆ.

ನಲಿ-ಕಲಿ ನಡೆಯುವ ತರಗತಿಗಳಿಗೆ ಈ ಕೆಲಸ ಇನ್ನೂ ಸುಲಭ. ಈ ಪದ್ಧತಿ ಹುಟ್ಟಿದ್ದೇ ನಮ್ಮ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ. ಆಂಧ್ರಪ್ರದೇಶದ ಋಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದ ಸರ್ಕಾರಿ ಶಿಕ್ಷಕರು ಯುನಿಸೆಫ್ ನೆರವಿನಿಂದ ಕಲಿಕಾ ಕಾರ್ಡುಗಳನ್ನು ತಾವೇ ರೂಪಿಸಿದರು. ಮಗು ತನ್ನ ಮೆಟ್ಟಿಲು ತಾನೇ ಗುರುತಿಸಿಕೊಂಡು ಕಾರ್ಡು ಎತ್ತಿಕೊಳ್ಳುವ ಕ್ರಮ ಅದು. ಮೇಷ್ಟ್ರು ಪಕ್ಕದ ಕೋಣೆಯಲ್ಲಿದ್ದರೂ ಅರ್ಧ ಗಂಟೆ ಕೆಲಸ ನಿಲ್ಲುವುದಿಲ್ಲ. ಕಾರ್ಡುಗಳು ಬೀರುವಿನಲ್ಲಿ ಬೀಗ ಹಾಕಿಕೊಂಡಿದ್ದರೆ ಮಾತ್ರ ಪ್ರಯೋಜನವಿಲ್ಲ. ಬೀಗದ ಕೈ ಮಕ್ಕಳ ಕೈಗೆ ಎಟುಕುವಲ್ಲಿರಲಿ.

7. ಒಒಡಿಗೆ ಒಂದು ಬೇಲಿ ಹಾಕಿ

ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಸ್ಪಷ್ಟವಾಗಿದೆ: ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಈ ಮೂರನ್ನು ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚುವಂತಿಲ್ಲ. ನಡೆಯುತ್ತಿರುವುದು ಎಲ್ಲರಿಗೂ ಗೊತ್ತು. 2025ರ ಸೆಪ್ಟೆಂಬರ್ 22ರಂದು ಶುರುವಾದ ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನೇ ಗಣತಿದಾರರನ್ನಾಗಿ ಕಳಿಸಿದ್ದರಿಂದ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ಸಮೀಕ್ಷೆಯ ಅಗತ್ಯವನ್ನು ನಾನು ಪ್ರಶ್ನಿಸುತ್ತಿಲ್ಲ. ಅದರ ಬೆಲೆಯನ್ನು ಸರ್ಕಾರಿ ಶಾಲೆಯ ಮಕ್ಕಳೇ ಏಕೆ ತೆರಬೇಕು ಎಂಬುದು ನನ್ನ ಪ್ರಶ್ನೆ.

ಅಂಥ ದೊಡ್ಡ ಆದೇಶಗಳನ್ನು ಒಬ್ಬ ಹೆಡ್‌ಮೇಷ್ಟರು ತಡೆಯಲಾರರು. ಸಣ್ಣವನ್ನು ತಡೆಯಬಹುದು. ಮಾಹಿತಿ ತಲುಪಿಸಲು ಮನುಷ್ಯರೇ ಹೋಗಬೇಕಿಲ್ಲ. ಮಕ್ಕಳಿಗೆ ಕೊಡುವ ಮೊಟ್ಟೆ, ಬಾಳೆಹಣ್ಣು ತರಲು ಪಾಠದ ಹೊತ್ತಿನಲ್ಲಿ ಶಿಕ್ಷಕರು ಬೈಕು ಹತ್ತಬಾರದು. ಶಾಲೆಗೇ ತಂದುಕೊಡುವ ಅಂಗಡಿಯವರನ್ನು ಗೊತ್ತುಮಾಡಿ. ತರಬೇತಿಗೆ ಇಬ್ಬರನ್ನು ಕಳಿಸಿ ಎಂಬ ಆದೇಶ ಬಂದರೆ, ಸರದಿಯ ಮೇಲೆ ಒಬ್ಬೊಬ್ಬರನ್ನು ಕಳಿಸುತ್ತೇವೆಂದು ಬರೆದು ಕೇಳಿ. ಬಾಯಿಮಾತಿನಲ್ಲಿ ಬಂದ ಕರೆಗೆ ಒಒಡಿ ಹಾಕಬೇಡಿ, ಜ್ಞಾಪನ ಪತ್ರ ಕೇಳಿ. ಹೋಗಿ ಬಂದವರು ಹಾಜರಿ ಪತ್ರ ಕೊಟ್ಟ ಮೇಲೆಯೇ ಆ ದಿನ ಒಒಡಿಯೆಂದು ದಾಖಲಾಗಲಿ.

8. ಯಂತ್ರ ಬರಲಿ, ವಿನಾಯಿತಿ ಕೊಡುವ ಕೈ ಬಿಗಿಯಾಗಿರಲಿ

ಬಯೋಮೆಟ್ರಿಕ್, ಮುಖಚಹರೆ, ಆ್ಯಪ್ ಎಂದು ಯಂತ್ರಗಳು ಬರುತ್ತಲೇ ಇವೆ. ಇವುಗಳ ಬಗ್ಗೆ ರಾಜಸ್ಥಾನದ ಉದಯಪುರದಲ್ಲಿ ಎರಡು ಪ್ರಯೋಗಗಳು ನಡೆದಿವೆ, ಎರಡರಲ್ಲೂ ಸೇವಾ ಮಂದಿರ ಎಂಬ ಸಂಸ್ಥೆ ಇತ್ತು. ಎರಡನ್ನೂ ಜೊತೆಗಿಟ್ಟು ಓದಬೇಕು.

ಮೊದಲನೆಯದು ಅರ್ಥಶಾಸ್ತ್ರಜ್ಞೆ ಎಸ್ತರ್ ಡಫ್ಲೊ ಮತ್ತು ಸಂಗಡಿಗರದ್ದು. ಸಂಸ್ಥೆ ನಡೆಸುತ್ತಿದ್ದ ಏಕೋಪಾಧ್ಯಾಯ ಶಾಲೆಗಳಿಗೆ ದಿನಾಂಕ, ವೇಳೆ ಮೂಡುವ ಕ್ಯಾಮೆರಾ ಕೊಟ್ಟರು. ಬೆಳಿಗ್ಗೆ ಒಂದು, ಕನಿಷ್ಠ ಐದು ಗಂಟೆ ಬಿಟ್ಟು ಇನ್ನೊಂದು, ಹೀಗೆ ಮಕ್ಕಳೊಂದಿಗೆ ಶಿಕ್ಷಕರ ಫೋಟೊ ತೆಗೆಯಬೇಕು. ಬಂದ ದಿನಗಳಿಗೆ ತಕ್ಕಂತೆ ಸಂಬಳ. ಗೈರು ಶೇ 42ರಿಂದ ಶೇ 21ಕ್ಕೆ ಇಳಿಯಿತು. ಎರಡನೆಯದು ಸರ್ಕಾರಿ ದಾದಿಯರದ್ದು. ಅಲ್ಲೂ ವೇಳೆ ಮುದ್ರಿಸುವ ಯಂತ್ರ ಬಂತು, ಅಲ್ಲೂ ಮೊದಲ ತಿಂಗಳುಗಳಲ್ಲಿ ಹಾಜರಿ ಏರಿತು. ಆಮೇಲೆ ಆರೋಗ್ಯ ಇಲಾಖೆಯವರು 'ವಿನಾಯಿತಿ ದಿನ'ಗಳನ್ನು ಧಾರಾಳವಾಗಿ ಕೊಡಲು ಶುರುಮಾಡಿದರು. ಒಂದೂವರೆ ವರ್ಷ ಕಳೆಯುವುದರೊಳಗೆ ಪರಿಸ್ಥಿತಿ ಮೊದಲಿನಂತೆಯೇ ಆಗಿತ್ತು.

ನಿಮ್ಮ ಶಾಲೆಯಲ್ಲಿ ವಿನಾಯಿತಿ ಕೊಡುವವರು ನೀವು. 'ಇವತ್ತೊಂದು ದಿನ ಹೊಂದಿಸಿಕೊಳ್ಳಿ ಸಾರ್' ಎಂಬ ಮಾತಿಗೆ ಒಮ್ಮೆ ಮಣಿದರೆ ಯಂತ್ರಕ್ಕೆ ಬೆಲೆಯಿಲ್ಲ, ಪುಸ್ತಕಕ್ಕೂ ಬೆಲೆಯಿಲ್ಲ. ಅರ್ಧ ದಿನ ಬೇಕೆಂದವರಿಗೆ ಅರ್ಧ ದಿನದ ಸಿ.ಎಲ್. ಕೊಡಿ. ಯಾರಿಗೂ ಖಾಲಿ ಜಾಗದಲ್ಲಿ ನಾಳೆ ಸಹಿ ಹಾಕಲು ಬಿಡಬೇಡಿ. ನಿಮಗೆ ಬೇಕಾದವರಿಗೊಂದು, ಬೇಡವಾದವರಿಗೊಂದು ಎಂಬ ನಿಯಮ ಸಿಬ್ಬಂದಿ ಕೊಠಡಿಗೆ ಒಂದೇ ದಿನದಲ್ಲಿ ಗೊತ್ತಾಗುತ್ತದೆ.

9. ಎಸ್‌ಡಿಎಂಸಿಯಲ್ಲಿ ಎಲ್ಲ ಬೀದಿಯವರೂ ಕೂರಲಿ

ಕರ್ನಾಟಕದಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್‌ಡಿಎಂಸಿ) ಇವೆ. ಹೆಸರಿನಲ್ಲೇ ಮೇಲುಸ್ತುವಾರಿ ಇದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರಾಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಅವಕಾಶವಂಚಿತ ಸಮುದಾಯಗಳ ಪೋಷಕರಿಗೆ ತಕ್ಕ ಪಾಲು ಇರಬೇಕು.

ಬದನವಾಳಿನ ಹೆಸರೆತ್ತಿದ ಮೇಲೆ ಇದನ್ನು ಹಾರಿಸಿ ಹೋಗಲಾಗದು. 1993ರಲ್ಲಿ ದೇವಸ್ಥಾನ ಪ್ರವೇಶದ ವಿವಾದದ ಹಿನ್ನೆಲೆಯಲ್ಲಿ ಮೂವರು ದಲಿತರ ಹತ್ಯೆಯಾದ ಊರು ಇದು. ಆಮೇಲೆ ಮುಚ್ಚಿಹೋದ, ದಲಿತರ ಮತ್ತು ಲಿಂಗಾಯತರ ಬೀದಿಗಳ ನಡುವಿನ ದಾರಿ 2022ರ ಅಕ್ಟೋಬರ್ 2ರಂದು, ಭಾರತ್ ಜೋಡೊ ಯಾತ್ರೆ ಊರಿಗೆ ಬಂದ ದಿನ, ಮತ್ತೆ ತೆರೆಯಿತು. ಅಷ್ಟು ವರ್ಷ ದಾರಿ ಮುಚ್ಚಿದ್ದ ಊರಲ್ಲಿ ಮಕ್ಕಳು ಒಟ್ಟಿಗೆ ಕೂರುವ ಜಾಗವೆಂದರೆ ಶಾಲೆ. ಮೇಷ್ಟ್ರು ಬಾರದ ದಿನ ಟ್ಯೂಷನ್ನಿಗೆ ಕಳಿಸಬಲ್ಲವರ ಮಗು ಹೇಗೋ ಕಲಿಯುತ್ತದೆ. ಕೂಲಿಗೆ ಹೋದವರ ಮಗು ಕಲಿಯುವುದಿಲ್ಲ. ಹಾಜರಿಯ ಪ್ರಶ್ನೆ ಯಾರ ಮನೆಯ ಪ್ರಶ್ನೆಯೋ ಅವರು ಸಭೆಯ ಕುರ್ಚಿಯಲ್ಲಿ ಕೂತಿರಬೇಕು. ಸಭೆಯ ಹೊತ್ತೂ ಅವರಿಗೆ ಒಗ್ಗುವಂತಿರಲಿ. ಹಗಲು ಹನ್ನೊಂದಕ್ಕೆ ಸಭೆ ಕರೆದರೆ ಕೂಲಿ ಬಿಟ್ಟು ಬರುವುದು ಹೇಗೆ?

ಮೊದಲ ಸೂತ್ರದ ಪಿರಿಯಡ್ ಲೆಕ್ಕವನ್ನು ಇಲ್ಲಿ ಓದಿ. ಪೋಷಕರು ಶಿಕ್ಷಕರನ್ನು ಹಿಡಿದು ದಬಾಯಿಸುವ ಸಭೆ ಅದಾಗಬಾರದು. ಬಸ್ಸು ನಿಲ್ಲಿಸಲು ಡಿಪೊಗೆ ಅರ್ಜಿ, ಹುದ್ದೆ ತುಂಬಲು ಶಾಸಕರಿಗೆ ಮನವಿ, ಇವು ಪೋಷಕರ ಸಹಿ ಇದ್ದರೆ ಬೇಗ ಓಡುತ್ತವೆ.

10. ತಡವಾಗಿ ಬಂದವರೊಡನೆ ಅಂದೇ ಮಾತಾಡಿ, ಒಬ್ಬರನ್ನೇ ಕರೆದು

ಮಕ್ಕಳೆದುರು ಬೇಡ. ಗ್ರೂಪಿನಲ್ಲಂತೂ ಬೇಡವೇ ಬೇಡ. ಮೊದಲ ಸಲ ಕಾರಣ ಕೇಳಿ. ಎರಡನೆಯ ಸಲ ದಾರಿ ಹುಡುಕಿ. ಮೂರನೆಯ ಸಲ ಬರಹದಲ್ಲಿ ಕೊಡಿ. ಅದಕ್ಕೂ ಬಗ್ಗದಿದ್ದರೆ ಬಿ.ಇ.ಒ. ಅವರಿಗೆ ದಾಖಲೆ ಸಮೇತ ತಿಳಿಸಿ; ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಮಿನಲ್ಲಿ ನಿಯತವಾಗಿ, ಹೊತ್ತಿಗೆ ಸರಿಯಾಗಿ ಶಾಲೆಗೆ ಬರುವುದು ಶಿಕ್ಷಕರ ಮೊದಲ ಕರ್ತವ್ಯವೆಂದೇ ಬರೆದಿದೆ, ತಪ್ಪಿದವರ ಮೇಲೆ ಅಹವಾಲು ಕೇಳಿದ ನಂತರ ಶಿಸ್ತು ಕ್ರಮಕ್ಕೂ ಅವಕಾಶವಿದೆ. ಕುಡಿತ, ಸಾಲ, ಕಾಯಿಲೆ, ಮನೆಯ ಸಂಕಟ, ಇವು ಪದೇ ಪದೇ ಗೈರಾಗುವವರ ಹಿಂದೆ ಇರುವುದುಂಟು. ಕೇಳಿ ತಿಳಿದುಕೊಂಡವರಿಗೆ ಮಾತ್ರ ಗೊತ್ತಾಗುವ ವಿಷಯಗಳಿವು.

11. ಬರಬೇಕೆನಿಸುವ ಶಾಲೆ ಮಾಡಿ

ಶಿಕ್ಷಕಿಯರಿಗೆ ಬೀಗವಿರುವ ಶೌಚಾಲಯ, ಕುಡಿಯಲು ಶುದ್ಧ ನೀರು, ಕೂತು ತಿದ್ದಲು ಒಂದು ಮೇಜು. ಕಟ್ಟಡ, ಸೌಕರ್ಯ ಚೆನ್ನಾಗಿದ್ದ ಶಾಲೆಗಳಲ್ಲಿ ಗೈರು ಕಡಿಮೆ ಎಂದು 2003ರ ಅಧ್ಯಯನವೂ ಕಂಡುಕೊಂಡಿತ್ತು. ವರ್ಷವಿಡೀ ತಪ್ಪದೆ ಬಂದವರ ಹೆಸರನ್ನು ಶಾಲಾ ವಾರ್ಷಿಕೋತ್ಸವದಲ್ಲಿ ಊರವರ ಮುಂದೆ ಹೇಳಿ. ಶಾಲಿಗೆ ಖರ್ಚು ಬೇಡ, ಹೆಸರು ಹೇಳಿದರೆ ಸಾಕು.

ಮುಖ್ಯ ಶಿಕ್ಷಕರ ಕೈಯಲ್ಲಿ ಆಗುವುದು ಇಷ್ಟು. ಇನ್ನೊಂದು ಮಾತು ತಾಲ್ಲೂಕು, ಜಿಲ್ಲಾ ಕಚೇರಿಗಳಲ್ಲಿ ಕೂತವರಿಗೆ. ಸಭೆ, ತರಬೇತಿ, ಮಾಹಿತಿ ಪರಿಶೀಲನೆ, ಇವನ್ನೆಲ್ಲ ಪಾಠದ ಹೊತ್ತಿನಿಂದ ಹೊರಗಿಡಿ. ಶನಿವಾರ ಶಾಲೆ ಬಿಟ್ಟ ಮೇಲೆ ಮಧ್ಯಾಹ್ನವೆಲ್ಲ ಬಿಡುವಿದೆ. ಇಬ್ಬರು ಮೂವರೇ ಇರುವ ಶಾಲೆಗಳಿಂದ ಒಂದೇ ದಿನ ಒಬ್ಬರಿಗಿಂತ ಹೆಚ್ಚು ಜನರನ್ನು ಕರೆಯಬೇಡಿ. ಈ ಆದೇಶಕ್ಕೆ ಅನುದಾನ ಬೇಕಿಲ್ಲ, ಮುಂದಿನ ಸೋಮವಾರವೇ ಹೊರಡಿಸಬಹುದು.